ತಾರಸಿಯ ಮೇಲೊಂದು ಹಳಿಯ ತುಂಡು

ಕೇಳುಗರಿಗೆ ನಮಸ್ಕಾರ.

ಮುಂಬಯಿ ಸುತ್ತಿನ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ರೈಲ್ವೆ ಬೇಕೆಂದರೆ ಅವರಿಗೆ ಮೊದಲು ಹೊಳೆಯುವುದು ಬುಲೆಟ್ ರೈಲು. ಅಷ್ಟು ದೂರ ಹೋಗುವುದು ಬೇಡ ಮಕ್ಕಳೇ. ಬಿಸಿಲಿಗೆ ಹಳಿ ಎಷ್ಟು ಕಾಯುತ್ತದೆ? ಒಂದು ವರ್ಷಕ್ಕೆ ಈ ಪ್ರಶ್ನೆಯೇ ಬೇಕಾದಷ್ಟಾಯಿತು.

ಈಗಿನ ಹಳಿಗಳನ್ನು ಉದ್ದಕ್ಕೂ ಬೆಸೆದಿರುತ್ತಾರೆ. ಹಿಗ್ಗಲು ಸಂದಿಯಿಲ್ಲದ್ದರಿಂದ ಬಲವೆಲ್ಲ ಒಳಗೇ ಕೂಡುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಪ್ರತಿ ಡಿಗ್ರಿ ಏರಿಕೆಗೆ ಸುಮಾರು 1.9 ಟನ್, 25 ಡಿಗ್ರಿ ಏರಿದರೆ 47 ಟನ್ ದಾಟುತ್ತದೆ. ಜಲ್ಲಿಯ ಹಿಡಿತ ಸಡಿಲವಾಗಿದ್ದರೆ ಹಳಿ ಪಕ್ಕಕ್ಕೆ ಬಾಗುತ್ತದೆ.

ಅಳೆಯಲು ಲೈನಿಗೆ ಇಳಿಯಬೇಡಿ. ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ, ಜೀವಕ್ಕೂ ಅಪಾಯ. ಕಾಲೇಜಿನ ಮೂಲಕ ಒಂದು ಮೀಟರಿನ ಗುಜರಿ ತುಂಡು ತರಿಸಿ, ತಾರಸಿಯಲ್ಲಿ ಜಲ್ಲಿ ಹರಡಿ ಅದರ ಮೇಲಿಡಿ. ಬರೀ ಕಾಂಕ್ರೀಟಿನ ಮೇಲಿಟ್ಟರೆ ಚಪ್ಪಡಿಯ ಕಾವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕತ್ತರಿಸಿದ ಎರಡು ತುದಿಗಳಿಗೂ ಥರ್ಮೋಕೋಲ್ ಅಂಟಿಸಿ. ನಿಜವಾದ ಹಳಿಗೆ ಅಲ್ಲಿ ತುದಿಯೇ ಇರುವುದಿಲ್ಲವಲ್ಲ.

ಉಷ್ಣತೆ ಅಳೆಯುವ ಸೆನ್ಸರ್ ಕೂರಿಸುವಲ್ಲೇ ಹೆಚ್ಚಿನವರು ಎಡವುವುದು. ಹಳಿಯ ತಲೆಗೂ ಪಾದಕ್ಕೂ ನಡುವಿನ ತೆಳು ಭಾಗದಲ್ಲಿ, ನೆರಳಿನ ಮಗ್ಗುಲಿಗೆ, ತುಂಡಿನ ಮಧ್ಯಕ್ಕೆ ಅಂಟಿಸಿ. ತುಕ್ಕನ್ನು ಉಜ್ಜಿ ತೆಗೆದು ಕಾವನ್ನು ಚೆನ್ನಾಗಿ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿ. ನೇರ ಬಿಸಿಲು ಬಿದ್ದರೆ ಸೆನ್ಸರ್ ತನ್ನದೇ ಕಾವನ್ನು ತೋರಿಸುತ್ತದೆ. ಅಗ್ಗದ ಡಿಎಸ್18ಬಿ20 ಸೆನ್ಸರಿನಲ್ಲಿ ನಡುನಡುವೆ 85 ಡಿಗ್ರಿ ಕಾಣಿಸಿದರೆ ಹಳಿ ಅಷ್ಟು ಕಾದಿದೆ ಎಂದು ಬರೆದುಕೊಳ್ಳಬೇಡಿ. ಕರೆಂಟ್ ಹೋಗಿ ಬಂದಾಗ ಅದು ತೋರಿಸುವ ಆರಂಭದ ಅಂಕಿ ಅದು. ಪ್ರತಿ ಅಳತೆಗೂ 750 ಮಿಲಿಸೆಕೆಂಡ್ ಬಿಟ್ಟು ಓದಿಸಿ. ಅಂಟಿಸುವ ಮೊದಲು ಎಲ್ಲ ಸೆನ್ಸರುಗಳನ್ನೂ ಒಂದೇ ಬಕೆಟ್ ನೀರಿನಲ್ಲಿ ಮುಳುಗಿಸಿ, ಅವುಗಳ ನಡುವಿನ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಿ. ಗಾಳಿಯ ಉಷ್ಣತೆಗೆ ಬೇರೆಯೇ ಒಂದು ಸೆನ್ಸರ್ ಬೇಕು. ಅದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗಿರಲಿ.

ಹತ್ತು ನಿಮಿಷಕ್ಕೊಮ್ಮೆ ದಾಖಲಿಸಿದರೆ ಸಾಕು. ದಾಖಲಿಸುವ ಸಾಧನದಲ್ಲಿ ಹೊತ್ತು ತೋರಿಸುವ ಗಡಿಯಾರದ ಚಿಪ್‌ಗೆ ಸ್ವಂತ ಸೆಲ್ ಇರಲೇಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಹೊತ್ತೇ ತಪ್ಪಿಹೋಗುತ್ತದೆ.

ಇನ್ನು ಮುಂಬಯಿಯ ಹವೆ. ಮೇ ಬಿಸಿಲನ್ನು ಕಾಯುತ್ತ ಕುಳಿತರೆ ವರದಿ ಒಪ್ಪಿಸುವ ದಿನ ಬಂದಿರುತ್ತದೆ. ಮಳೆ ಹಿಂದೆ ಸರಿದ ಮೇಲೆ ಇಲ್ಲಿ ಅಕ್ಟೋಬರ್ ಹೀಟ್ ಬರುತ್ತದೆ, ಅದನ್ನು ಬಿಡಬೇಡಿ. ಸೆಪ್ಟೆಂಬರಿನಲ್ಲೇ ಹಳಿ ತಾರಸಿ ಏರಿರಲಿ. ಉಪ್ಪುಗಾಳಿಗೆ ವೈರಿನ ಜೋಡಣೆ ಹಸಿರುಗಟ್ಟುತ್ತದೆ, ಬೆಸುಗೆ ಹಾಕಿ ಸಿಲಿಕೋನ್ ಮೆತ್ತಿ.