ಚೀಲದಲ್ಲಿ ಎರಡನೇ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮದುವೆ, ಉಪನಯನ, ಗೃಹಪ್ರವೇಶದ ಫೋಟೋ ತೆಗೆದು ಜೀವನ ಮಾಡುವವನು. ಸ್ಟುಡಿಯೋ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ನನ್ನ ಹತ್ತಿರ ಕೆಲಸಕ್ಕೆ ಯಾರೂ ಇಲ್ಲ, ನಾನೂ ಯಾರ ಹತ್ತಿರವೂ ಕೆಲಸಕ್ಕಿಲ್ಲ. ಇಂಥ ದುಡಿಮೆಯಲ್ಲಿ ಒಂದು ಸಾಮಾನು ಕೆಟ್ಟರೆ ಪೂರ್ತಿ ಕೆಲಸ ನಿಲ್ಲುತ್ತದೆ. ಹಾಗೆ ನಿಲ್ಲದಿರಲು ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು ಅನ್ನುವುದನ್ನು ಇವತ್ತು ಹೇಳುತ್ತೇನೆ. ನೀವು ಬಟ್ಟೆ ಹೊಲಿಯುವವರಿರಬಹುದು, ಡಿಟಿಪಿ ಮಾಡುವವರಿರಬಹುದು, ಮನೆಯಲ್ಲೇ ಕೂತು ದೂರದ ಊರಿನವರಿಗೆ ಕೋಡ್ ಬರೆದುಕೊಡುವವರಿರಬಹುದು. ಸಾಮಾನು ಬೇರೆ, ಕಷ್ಟ ಒಂದೇ.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳು, ಹೊಸನಗರದ ಕಡೆ ಒಂದು ಮದುವೆ. ಆಗ ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ, ಅದರಲ್ಲಿ ಫೋಟೋ ಉಳಿಯುವ ಮೆಮೊರಿ ಕಾರ್ಡ್ ಹಾಕುವ ಜಾಗವೂ ಒಂದೇ. ಅಂತರಪಟ ಸರಿಯಿತು, ಗಟ್ಟಿಮೇಳ ಶುರುವಾಯಿತು, ಹುಡುಗ ಹುಡುಗಿ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಟ್ಟರು, ನಾನು ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದೆ. ಅಷ್ಟರಲ್ಲಿ ಪರದೆ ಮೇಲೆ ಬಂತು, ಕಾರ್ಡ್ ಎರರ್. ಅದರ ಕೆಳಗೇ ಒಂದು ಪ್ರಶ್ನೆ, ಫಾರ್ಮ್ಯಾಟ್ ಮಾಡಲೇ, ಅಂದರೆ ಇರುವುದನ್ನೆಲ್ಲ ಅಳಿಸಲೇ ಅಂತ. ಬೆರಳು ಗುಂಡಿ ಹತ್ತಿರ ಹೋಗಿತ್ತು. ಹೇಗೋ ತಡೆದುಕೊಂಡೆ. ಕಾರ್ಡ್ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು ಬೇರೆ ಕಾರ್ಡ್ ಹಾಕಿದೆ.

ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಾರ್ಡ್ ಹಾಳಾಗಿದೆ ಅಂತ ಕಂಡ ಕೂಡಲೇ ಅದರಲ್ಲಿ ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಅಳಿಸಿಹೋಗಿದೆ ಅಂತ ಕಾಣುವ ಫೋಟೋ ಎಷ್ಟೋ ಸಲ ಕಾರ್ಡಿನಲ್ಲೇ ಇರುತ್ತದೆ. ಅದರ ಮೇಲೆ ಹೊಸದು ಬರೆದುಕೊಂಡರೆ ಮಾತ್ರ ಅದು ಪೂರ್ತಿ ಹೋದಂತೆ. ಫೋಟೋರೆಕ್ ಅಂತ ದುಡ್ಡು ಕೊಡದೆ ಸಿಗುವ ತಂತ್ರಾಂಶ ಇದೆ. ಅದನ್ನು ಹಾಕಿ ಆ ರಾತ್ರಿಯಿಡೀ ಕೂತೆ. ಮುಕ್ಕಾಲು ಪಾಲು ಫೋಟೋ ವಾಪಸ್ ಬಂದವು. ಆದರೆ ಜೀರಿಗೆ ಬೆಲ್ಲದ ಒಂದು ಫೋಟೋವೂ ಪೂರ್ತಿ ಬರಲಿಲ್ಲ. ಮೇಲಿನ ಅರ್ಧದಲ್ಲಿ ಹುಡುಗಿಯ ಬಾಸಿಂಗ, ಹುಡುಗನ ಬೆರಳು. ಕೆಳಗೆ ಬರೀ ಬೂದು ಬಣ್ಣದ ಪಟ್ಟಿ.

ಹುಡುಗಿಯ ಅಪ್ಪನ ಮುಂದೆ ಹೋಗಿ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ತುಂಬಾ ಹೊತ್ತು ಸುಮ್ನೆ ಕೂತಿದ್ದರು. ತೆಗೆದುಕೊಂಡಿದ್ದ ದುಡ್ಡನ್ನೆಲ್ಲ ವಾಪಸ್ ಕೊಟ್ಟೆ. ಆದರೆ ದುಡ್ಡು ಕೊಟ್ಟರೆ ಮುಹೂರ್ತ ವಾಪಸ್ ಬರುತ್ತದಾ?

ಆಮೇಲೆ ಸಾಲ ಮಾಡಿ ಎರಡು ಕಾರ್ಡ್ ಹಾಕುವ ಕ್ಯಾಮೆರಾ ತೆಗೆದುಕೊಂಡೆ. ಹಳೆಯದನ್ನು ಮಾರಲಿಲ್ಲ, ಅದು ಈಗಲೂ ಚೀಲದಲ್ಲಿ ಇರುತ್ತದೆ. ಎರಡು ಕಾರ್ಡಿನ ಕ್ಯಾಮೆರಾ ಇರುವವರಿಗೆ ಒಂದು ಮಾತು. ಎರಡು ಕಾರ್ಡ್ ಹಾಕಿದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಮೆನುವಿನಲ್ಲಿ ಓವರ್‌ಫ್ಲೋ ಅಂತ ಇದ್ದರೆ ಮೊದಲನೇ ಕಾರ್ಡ್ ತುಂಬಿದ ಮೇಲಷ್ಟೇ ಎರಡನೆಯದಕ್ಕೆ ಹೋಗುತ್ತದೆ. ಅದನ್ನು ಬ್ಯಾಕಪ್ ಅಂತ ಬದಲಾಯಿಸಿದರೆ ಮಾತ್ರ ಪ್ರತಿ ಫೋಟೋ ಎರಡೂ ಕಡೆ ಬೀಳುತ್ತದೆ. ಇದನ್ನು ಗಮನಿಸದೆ ವರ್ಷಗಟ್ಟಲೆ ಕೆಲಸ ಮಾಡಿದವರನ್ನು ನಾನು ನೋಡಿದ್ದೇನೆ.

ಮದುವೆಯ ಹಿಂದಿನ ರಾತ್ರಿ ನಾನು ಎರಡನೇ ಕ್ಯಾಮೆರಾದಲ್ಲೂ ಹತ್ತು ಫೋಟೋ ತೆಗೆದು, ಅದನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿಯೇ ಮಲಗುವುದು. ಬ್ಯಾಟರಿಯನ್ನು ಟೇಬಲ್ ಮೇಲಿಟ್ಟು ಒಂದು ಸಲ ತಿರುಗಿಸುತ್ತೇನೆ. ಹೊಟ್ಟೆ ಉಬ್ಬಿದ್ದರೆ ಅದು ಬುಗುರಿ ಹಾಗೆ ತಿರುಗುತ್ತದೆ. ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು, ಬೆಂಕಿ ಹತ್ತಬಹುದು.

ಇನ್ನು ನಮ್ಮ ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಪಾಚಿ, ಚಪ್ಪಲಿಗೂ ಬೂಸ್ಟು. ಲೆನ್ಸ್ ಒಳಗೂ ಅದೇ ಬೂಸ್ಟು, ಜೇಡರ ಬಲೆಯ ಎಳೆಯ ಹಾಗೆ. ಒಮ್ಮೆ ಬಂದರೆ ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ. ಚರ್ಮದ ಚೀಲದಲ್ಲಿ ಲೆನ್ಸ್ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಇಷ್ಟು ಸಾಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತು ಅಂದರೆ ತೇವ ಕುಡಿದು ತುಂಬಿದೆ ಅಂತ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಆ ನೀಲಿಗೆ ಕಾರಣ ಕೋಬಾಲ್ಟ್ ಕ್ಲೋರೈಡ್, ಅದು ವಿಷ. ನಾನು ಇದಕ್ಕೆಂದೇ ಒಂದು ಹಳೇ ತವಾ ಬೇರೆ ಇಟ್ಟಿದ್ದೇನೆ.

ಮಳೆಗಿಂತ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು. ಯುಪಿಎಸ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಯುಪಿಎಸ್ ಕರೆಂಟ್ ಹೋದಾಗ ಕೆಲಸ ಉಳಿಸಿಕೊಳ್ಳಲು ಹತ್ತು ನಿಮಿಷ ಕೊಡುತ್ತದೆ, ಸಿಡಿಲನ್ನು ತಡೆಯುವುದಿಲ್ಲ. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಬೇಕು, ಇಂಟರ್‌ನೆಟ್ ಡಬ್ಬಿಯ ತಂತಿಯನ್ನೂ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಅನ್ನುವ ಆಪ್ ಇದೆ. ನೀವಿರುವ ಜಾಗದಿಂದ 20 ಕಿಲೋಮೀಟರ್, 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ಅದು ತೋರಿಸುತ್ತದೆ. ನನ್ನ ಮೊಬೈಲಿನಲ್ಲಿ ಅದು ಇದ್ದೇ ಇದೆ.

ಕೆಲಸ ಮುಗಿದ ಮೇಲೆ ಫೋಟೋಗಳನ್ನು ಎಲ್ಲಿಡುವುದು? ಪೀಟರ್ ಕ್ರೋಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್ 3-2-1 ಅಂತ ಒಂದು ಲೆಕ್ಕವನ್ನು ಎಲ್ಲರ ಬಾಯಲ್ಲೂ ಬರುವ ಹಾಗೆ ಮಾಡಿದರು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಕ್ಲೌಡಿಗೆ, ಅಂದರೆ ಇಂಟರ್‌ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಹಾಕಿ ಅಂತ ಬೆಂಗಳೂರಿನವರು ಸುಲಭವಾಗಿ ಹೇಳುತ್ತಾರೆ. ಒಂದು ಮದುವೆಗೆ 60 ಜಿಬಿ ಆಗುತ್ತದೆ. ನಮ್ಮಲ್ಲಿ ಅಪ್‌ಲೋಡ್ 2 ಎಂಬಿಪಿಎಸ್ ಸಿಕ್ಕರೆ ಅಷ್ಟು ಹೋಗಲು ಹತ್ತಿರ ಹತ್ತಿರ ಮೂರು ದಿನ ಬೇಕು, ಅದೂ ಮಧ್ಯೆ ಕರೆಂಟ್ ಹೋಗದಿದ್ದರೆ. ಅದಕ್ಕೇ ನನ್ನ ಒಂದು ಹಾರ್ಡ್ ಡಿಸ್ಕ್ ಶಿವಮೊಗ್ಗದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿ, ಸೀರೆಗಳ ನಡುವೆ ಇರುತ್ತದೆ. ತಿಂಗಳಿಗೊಮ್ಮೆ ಹೋದಾಗ ಬದಲಾಯಿಸಿಕೊಂಡು ಬರುತ್ತೇನೆ. ಎರಡು ಕಡೆ ಪ್ರತಿಯಾಗಿ, ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಅಳಿಸುವುದು. ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ಆ ಕ್ಷಣವೇ ಆಫ್ ಮಾಡಿ. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ಒಳಗೆ ಜಾಸ್ತಿ ಹಾಳಾಗುತ್ತದೆ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪ್ರತಿ ಮದುವೆಯ ದುಡ್ಡಿನಲ್ಲಿ ನೂರಕ್ಕೆ ಹತ್ತು ರೂಪಾಯಿ ರಿಪೇರಿ ಖಾತೆಗೆ ಹಾಕುತ್ತೇನೆ, ಅದನ್ನು ಮನೆ ಖರ್ಚಿಗೆ ಮುಟ್ಟುವುದಿಲ್ಲ. ಸಾಮಾನಿನ ಬಿಲ್ಲು, ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟಿದ್ದೇನೆ. ವಿಮೆ ಮಾಡಿಸುವವರು ದುಡಿಮೆಯ ಸಾಮಾನಿಗೂ ಅದು ಸಿಗುತ್ತದೆಯೇ, ದಾರಿಯಲ್ಲಿ ಬಿದ್ದು ಒಡೆದರೆ ಸಿಗುತ್ತದೆಯೇ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಸಾಮಾನಿಗಲ್ಲ, ನಮಗೇ ಅಪಘಾತ ವಿಮೆ ಅಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, ಅದಕ್ಕೆ ವರ್ಷಕ್ಕೆ ಬರೀ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಖಾತೆ ಇರುವ 18ರಿಂದ 70 ವರ್ಷದ ಯಾರು ಬೇಕಾದರೂ ಬ್ಯಾಂಕಿನಲ್ಲಿ ಮಾಡಿಸಬಹುದು. ಜೂನ್ 1ಕ್ಕೆ ಅದರ ವರ್ಷ ಶುರು, ಹಾಗಾಗಿ ಮೇ ಕೊನೆಯಲ್ಲಿ ಖಾತೆಯಲ್ಲಿ ಆ 20 ರೂಪಾಯಿ ಇರಲಿ.

ಮೊಬೈಲ್ ಕಳೆದರೆ? ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಆ ಮೊಬೈಲಿನದ್ದೇ ಗುರುತಿನ ಐಎಂಇಐ ನಂಬರ್ ಬರುತ್ತದೆ, ಇವತ್ತೇ ಬರೆದಿಟ್ಟುಕೊಳ್ಳಿ. ಪೊಲೀಸ್ ದೂರು ಕೊಟ್ಟು, ಸಿಇಐಆರ್ ಅನ್ನುವ ಸರ್ಕಾರಿ ತಾಣದಲ್ಲಿ ಆ ನಂಬರ್ ಹಾಕಿ ಮೊಬೈಲನ್ನು ಬಂದ್ ಮಾಡಿಸಬಹುದು.

ಇಷ್ಟೆಲ್ಲ ಮಾಡಿದರೂ ನಾನೇ ಮಲಗಿಬಿಟ್ಟರೆ? ಇದನ್ನು ನಾವು ಯಾರೂ ಯೋಚಿಸುವುದಿಲ್ಲ, ಅಲ್ವಾ. ನಮ್ಮ ಕಡೆಯ ನಾಲ್ಕು ಜನ ಫೋಟೋದವರು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಒಬ್ಬರಿಗೆ ಆಗದಿದ್ದರೆ ಆ ದಿನ ಖಾಲಿ ಇರುವವರು ಹೋಗುವುದು, ಆ ದಿನದ ದುಡ್ಡು ಹೋದವರಿಗೆ, ಗಿರಾಕಿ ಮಾತ್ರ ಮೊದಲಿನವರದ್ದೇ. ಹೀಗೆ ಆಗಬಹುದು ಅಂತ ಮುಂಗಡ ತೆಗೆದುಕೊಳ್ಳುವಾಗಲೇ ಮನೆಯವರಿಗೆ ಹೇಳಿರುತ್ತೇವೆ. ಪ್ರತಿ ಮದುವೆಗೂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಛತ್ರದ ಹೆಸರು, ಮುಹೂರ್ತದ ಹೊತ್ತು, ಇಬ್ಬರ ಫೋನ್ ನಂಬರ್, ಯಾರ್ಯಾರ ಫೋಟೋ ಬೇಕೇ ಬೇಕು ಅಂತ. ಆ ಪುಸ್ತಕ ಎಲ್ಲಿದೆ ಅಂತ ನನ್ನ ಹೆಂಡತಿಗೆ ಗೊತ್ತು.

ಹೋದ ವರ್ಷ ನನಗೆ ಡೆಂಗ್ಯೂ ಬಂತು. ಬೆಳಿಗ್ಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ, ಮರುದಿನ ಮದುವೆ. ಅವಳು ಆ ಪುಟದ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದಳು. ಅದರ ಕೊನೆಯಲ್ಲಿ ನಾನು ಒಂದು ಸಾಲು ಬರೆದಿದ್ದೆ, ಹುಡುಗಿಯ ಅಜ್ಜಿಗೆ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ, ಅವರ ಜೊತೆಗಿನ ಫೋಟೋ ಮೊದಲು ತೆಗೆಯಬೇಕು ಅಂತ. ಅವನು ಛತ್ರಕ್ಕೆ ಹೋದವನೇ ಮೊದಲು ಅಜ್ಜಿ ಎಲ್ಲಿ ಅಂತ ಕೇಳಿದನಂತೆ. ಆಲ್ಬಮ್ಮಿನ ಮೊದಲ ಪುಟದಲ್ಲಿ ಈಗ ಅದೇ ಫೋಟೋ ಇದೆ, ಮೊಮ್ಮಗಳ ಬಳೆಯನ್ನು ಅಜ್ಜಿ ಸರಿ ಮಾಡುತ್ತಿರುವುದು. ನಮಸ್ಕಾರ.