ಹೊಟ್ಟೆಯಲ್ಲಿದ್ದರೆ ಸರಿ, ಬಾವಿಗೆ ಯಾಕೆ ಬಂತು?

ನಮಸ್ಕಾರ. ಇವತ್ತು ಇ. ಕೋಲಿ ಬಗ್ಗೆ ಮಾತಾಡೋಣ. ಹೆಸರು ಕೇಳಿದರೆ ಸಾಕು, ಮುಖ ಸಿಂಡರಿಸುವವರೇ ಜಾಸ್ತಿ. ಆದರೆ ಈ ಬ್ಯಾಕ್ಟೀರಿಯಾ ಈಗ ನಿಮ್ಮ ದೊಡ್ಡ ಕರುಳಿನಲ್ಲೂ ಇದೆ, ನನ್ನ ಕರುಳಿನಲ್ಲೂ ಇದೆ. 1885ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ಮಕ್ಕಳ ಡಾಕ್ಟರು ಇದನ್ನು ಗುರುತಿಸಿದ್ದೇ ಶಿಶುಗಳ ಮಲದಲ್ಲಿ. ಕರುಳಿನಲ್ಲಿ ಅದು ವಿಟಮಿನ್ ಕೆ ಮಾಡಿಕೊಡುತ್ತದೆ, ರೋಗ ತರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಸುಲಭದಲ್ಲಿ ಜಾಗ ಬಿಡುವುದಿಲ್ಲ. ಒ157ನಂಥ ಕೆಲವು ತಳಿಗಳು ವಿಷ ಉಗುಳಿ ಕಿಡ್ನಿಗೇ ಏಟು ಕೊಡುತ್ತವೆ, ಅದು ಬೇರೆ ಮಾತು. ಉಳಿದವುಗಳ ವಿಷಯದಲ್ಲಿ ನಾನು ಕೇಳುವುದು ಒಂದೇ: ಅದು ಇರುವುದು ಎಲ್ಲಿ?

ಮೂತ್ರಕೋಶಕ್ಕೆ ಹೋಯಿತು ಅಂದರೆ ಉರಿಮೂತ್ರ. ಮೂತ್ರದ ಸೋಂಕುಗಳಲ್ಲಿ ಹೆಚ್ಚಿನದಕ್ಕೆ ಇದೇ ಕಾರಣ. ಹೆಂಗಸರಿಗೆ ಮೂತ್ರನಾಳ ಗಿಡ್ಡ, ಹಾಗಾಗಿ ಅವರಿಗೆ ಕಾಟ ಜಾಸ್ತಿ. ಆಗ ನಮ್ಮವರು ಮಾಡುವುದೇನು? ಕಳೆದ ಸಲ ಉಳಿದ ಆಂಟಿಬಯೋಟಿಕ್ ಹುಡುಕುವುದು. ಡಾಕ್ಟರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಬಾರದು ಎಂದು ಕೇರಳ ಸರಕಾರ 2024ರಲ್ಲಿ ಆಪರೇಷನ್ ಅಮೃತ್ ಶುರು ಮಾಡಿ ಮೆಡಿಕಲ್ ಶಾಪ್‌ಗಳನ್ನು ಬಿಗಿ ಮಾಡಿತು. ನಮ್ಮ ಕಾಸರಗೋಡಿನ ಜನ ಬಿಡ್ತಾರಾ? ಮಂಗಳೂರಿಗೆ ಹೋಗುವವರ ಹತ್ತಿರ, "ಬರುವಾಗ ಒಂದು ಸ್ಟ್ರಿಪ್ ತಾ ಮಾರಾಯ." ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೂ ಕಾನೂನು ಅದೇ, ಬ್ಯಾಕ್ಟೀರಿಯಾನೂ ಅದೇ.

ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ. ಅದರ ರಿಪೋರ್ಟ್ ಒಮ್ಮೆ ಸರಿಯಾಗಿ ನೋಡಿ. ಮೇಲೆ ಇ. ಕೋಲಿ ಎಂಬ ಹೆಸರು. ಕೆಳಗೆ ಸಾಲಾಗಿ ಮದ್ದುಗಳು, ಹೆಚ್ಚಿನವುಗಳ ಎದುರು ಎಸ್ ಅಥವಾ ಆರ್. ಎಸ್ ಅಂದರೆ ಆ ಮದ್ದಿಗೆ ಅದು ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಸುಮ್ನೆ ನುಂಗಿದ ಮಾತ್ರೆಗಳು ಆ ಆರ್‌ಗಳನ್ನು ಹೆಚ್ಚಿಸುತ್ತಾ ಹೋಗುತ್ತವೆ. ರಿಪೋರ್ಟಿಗೆ ಎರಡು ದಿನ ಬೇಕು, ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯಬೇಕಲ್ಲ. ಮದ್ದು ತಡೆಯಲಾಗದಷ್ಟು ತುರ್ತು ಎಂದಾದರೆ ಡಾಕ್ಟರೇ ಶುರು ಮಾಡುತ್ತಾರೆ, ಆದರೆ ಮೂತ್ರ ಮೊದಲು ಕೊಟ್ಟಿರಬೇಕು. ಇನ್ನೊಂದು: ಉರಿ ಇಲ್ಲ, ಜ್ವರ ಇಲ್ಲ, ಅಜ್ಜಿಯ ರಿಪೋರ್ಟಿನಲ್ಲಿ ಮಾತ್ರ ಇ. ಕೋಲಿ ಇದೆ ಎಂದರೆ ಸಾಮಾನ್ಯವಾಗಿ ಮದ್ದೇ ಬೇಡ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ಬೇಕು.

ಇನ್ನು ಬಾವಿ. ಕಾಸರಗೋಡಿನಲ್ಲಿ ಮನೆಗೊಂದು ಬಾವಿ, ಪಕ್ಕದಲ್ಲೇ ಕಕ್ಕಸು ಗುಂಡಿ. ನಡುವೆ ಮುರಕಲ್ಲು, ಅದರ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಮೇಲೆ ಬಂದಾಗ ಕೇಳುವುದೇ ಬೇಡ. ನೂರು ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ. ಕೋಲಿಯೂ ಇರಬಾರದು. ಇದ್ದರೆ ನೀರಿಗೆ ಮಲ ಸೇರಿದೆ ಎಂದರ್ಥ, ಅದರ ಜೊತೆ ಟೈಫಾಯ್ಡ್, ಕಾಮಾಲೆಯ ರೋಗಾಣುಗಳೂ ಬಂದಿರಬಹುದು. ಜೀರಿಗೆ ಹಾಕಿ ಕುದಿಸಿ ಕುಡಿಯುವ ನಮ್ಮ ರೂಢಿ ಒಳ್ಳೆಯದೇ, ಆದರೆ ಉಗುರು ಬೆಚ್ಚಗೆ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು. ಬ್ಲೀಚಿಂಗ್ ಪೌಡರ್ ಹಾಕಿದರೂ ಗುಂಡಿ ಸೋರುತ್ತಿದ್ದರೆ ಮತ್ತೆ ಅದೇ ಕಥೆ. ಗುಂಡಿ ಎಷ್ಟು ದೂರ ಇದೆ ಅಳೆಯಿರಿ, ಪಕ್ಕದ ಮನೆಯವರದ್ದೂ ಸೇರಿಸಿ. ಜಗಳ ಆಗಬಹುದು. ಆಗಲಿ.