ಡೀನಾ ಬರೆದ ಏಳು ಮುಖಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಚೆಕ್ ಚಿತ್ರಗಾರ್ತಿ ಡೀನಾ ಗಾಟ್ಲೀಬೋವಾ ಅವರ ಬಗ್ಗೆ ಮಾತಾಡಲು ಕರೆದಿದ್ದಾರೆ. ನಾಜಿ ಶಿಬಿರದಲ್ಲಿ ಆಕೆ ಬರೆದ ಏಳು ಮುಖಚಿತ್ರಗಳನ್ನು ಒಂದು ಮ್ಯೂಸಿಯಂ ಆಕೆಗೆ ವಾಪಸ್ ಕೊಡಲೇ ಇಲ್ಲ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಕೆ ಬರೆದ ಚಿತ್ರ ಆಕೆಯದು. ಇಷ್ಟು ಸರಳ ವಿಷಯ ಇಷ್ಟು ವರ್ಷ ಯಾಕೆ ಯಾರಿಗೂ ಅರ್ಥವಾಗಲಿಲ್ಲವೋ ನನಗೆ ತಿಳಿಯದು.

ಡೀನಾ ಹುಟ್ಟಿದ್ದು 1923ರಲ್ಲಿ, ಬ್ರನೋ ಊರಿನಲ್ಲಿ. ಯಹೂದಿ ಮನೆತನ. 1943ರಲ್ಲಿ ತಾಯಿಯ ಜೊತೆ ಆಕೆಯನ್ನು ಆಶ್ವಿಟ್ಜ್‌ಗೆ, ಅಂದರೆ ನಾಜಿಗಳು ಜನರನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಶಿಬಿರಕ್ಕೆ ತಳ್ಳಿದರು. ಅಲ್ಲಿ ಮಕ್ಕಳ ಕೋಣೆಯ ಗೋಡೆ ಮೇಲೆ ಡಿಸ್ನಿ ಕಾರ್ಟೂನ್ ಸಿನಿಮಾದ ಸ್ನೋ ವೈಟ್ ಮತ್ತು ಕುಳ್ಳರ ಚಿತ್ರ ಬರೆದರು. ಸುಮ್ನೆ, ಮಕ್ಕಳು ಖುಷಿಪಡಲಿ ಅಂತ.

ಈ ಹುಡುಗಿಯ ಕೈಚಳಕ ಡಾಕ್ಟರ್ ಮೆಂಗೆಲೆಗೆ ಗೊತ್ತಾಯಿತು. ಕೈದಿಗಳ ಮೇಲೆ ಕ್ರೂರ ಪ್ರಯೋಗ ಮಾಡುತ್ತಿದ್ದ ನಾಜಿ ವೈದ್ಯ ಅವನು. ಅವನಿಗೆ ರೋಮಾ ಜನರ, ಅಂದರೆ ಜಿಪ್ಸಿಗಳ ಮೈಬಣ್ಣ ಇದ್ದ ಹಾಗೇ ಬೇಕಿತ್ತು. ಫೋಟೋದಲ್ಲಿ ಅದು ಸರಿಯಾಗಿ ಬರುತ್ತಿರಲಿಲ್ಲ. ನೀನು ಬರೆ ಅಂದ. ನಮ್ಮಮ್ಮನನ್ನೂ ಉಳಿಸಬೇಕು, ಇಲ್ಲದಿದ್ದರೆ ಹೋಗಿ ಕರೆಂಟ್ ಬೇಲಿ ಮುಟ್ಟುತ್ತೇನೆ ಅಂದರು ಡೀನಾ. ಯಾರ ಎದುರು ನಿಂತು ಹಾಗೆ ಹೇಳಿದರು ಯೋಚಿಸಿ! ತಾಯಿ ಉಳಿದರು.

ಒಂದು ದಿನ ಡೀನಾ ಎದುರು ಕೂತವಳು ಸೆಲೀನ್ ಅನ್ನುವ ರೋಮಾ ಹೆಂಗಸು. ಚಿಕ್ಕ ವಯಸ್ಸು, ತಲೆಗೆ ನೀಲಿ ವಸ್ತ್ರ. ಎರಡು ತಿಂಗಳ ಕೂಸು ಆಗಷ್ಟೇ ತೀರಿಹೋಗಿತ್ತು. ಶಿಬಿರದ ಕರಿ ಬ್ರೆಡ್ ಅವಳ ಹೊಟ್ಟೆಗೆ ಆಗುತ್ತಿರಲಿಲ್ಲ. ಡೀನಾ ಹೇಗೋ ಬಿಳಿ ಬ್ರೆಡ್ ಹೊಂದಿಸಿ ಕೊಟ್ಟರು. ಚಿತ್ರವನ್ನು ಬೇಕಂತಲೇ ನಿಧಾನ ಮಾಡಿದರು. ಮುಗಿಯುವ ತನಕ ಅವಳು ಕೂತು ತಿನ್ನಬಹುದಲ್ಲ! ನಾನೂ ಮುಖಚಿತ್ರ ಕಲಿಸುತ್ತೇನೆ. ಆ ಕಣ್ಣುಗಳನ್ನು ನೋಡಿದಾಗೆಲ್ಲ ಗಂಟಲು ಕಟ್ಟುತ್ತದೆ. ಮಗು ಹೋದ ತಾಯಿಯ ಕಣ್ಣು ಅವು. ಮೆಂಗೆಲೆ ಕೇಳಿದ್ದು ಬರೀ ಮೈಬಣ್ಣ. 1944ರ ಆಗಸ್ಟ್ 2ರ ರಾತ್ರಿ ಆ ಶಿಬಿರದಲ್ಲಿ ಉಳಿದಿದ್ದ 4,000ಕ್ಕೂ ಜಾಸ್ತಿ ರೋಮಾ ಜನರನ್ನು ಕೊಂದರು.

ಉಳಿದದ್ದನ್ನು ಬೇಗ ಹೇಳುತ್ತೇನೆ. 1945ರಲ್ಲಿ ತಾಯಿ, ಮಗಳು ಬಿಡುಗಡೆಯಾದರು. ಪ್ಯಾರಿಸ್‌ನಲ್ಲಿ ಡೀನಾಗೆ ಆರ್ಟ್ ಬ್ಯಾಬಿಟ್ ಸಿಕ್ಕರು, ಮದುವೆಯಾದರು. ಸ್ನೋ ವೈಟ್ ಸಿನಿಮಾಗೆ ಚಿತ್ರ ಬರೆದವರಲ್ಲಿ ಈ ಬ್ಯಾಬಿಟ್ ಕೂಡ ಒಬ್ಬರು! ಆಮೇಲೆ ಡೀನಾ ಅಮೆರಿಕದಲ್ಲಿ ಕಾರ್ಟೂನ್ ಸಿನಿಮಾಗಳಿಗೆ ದುಡಿದರು.

1973ರಲ್ಲಿ, ಆ ಶಿಬಿರದ ಜಾಗದಲ್ಲೇ ಇರುವ ಆಶ್ವಿಟ್ಜ್ ಮ್ಯೂಸಿಯಂನಿಂದ ಸುದ್ದಿ ಬಂತು. ನಿಮ್ಮ ಚಿತ್ರಗಳು ನಮ್ಮಲ್ಲಿವೆ ಅಂತ. ಡೀನಾ ಚಿತ್ರ ಇಟ್ಟುಕೊಳ್ಳಲು ಬ್ರೀಫ್‌ಕೇಸ್ ಹಿಡಿದೇ ಹೋದರು. ಕೊಡಲಿಲ್ಲ. ಇವು ಕೊಲೆಗೆ ಸಾಕ್ಷಿ, ಇಲ್ಲೇ ಇರಬೇಕು ಅನ್ನುವುದು ಮ್ಯೂಸಿಯಂ ವಾದ. ಅಲ್ಲಿ ಪ್ರತಿ ಇಟ್ಟುಕೊಂಡು ಮೂಲ ಕೊಡಬಹುದಿತ್ತು ಅಲ್ವಾ? ಆಕೆ ಬರೆದದ್ದು ಆಕೆಯದು. ಅಮ್ಮನ ಜೀವಕ್ಕಾಗಿ ಬರೆದದ್ದು.

ಡೀನಾ 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಏಳೂ ಚಿತ್ರ ಮ್ಯೂಸಿಯಂನಲ್ಲೇ ಉಳಿದವು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಅವರ ಕೈಗಾದರೂ ಕೊಟ್ಟುಬಿಡಲಿ. ನಮಸ್ಕಾರ.